ಲೋಕಿ ಹೂಂ ಅಂದ ವರ್ಷ

ಹೆತ್ತೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಒಂದು ತಿರುವು ದಾಟಿದ್ದೇ ತಡ, ಪಲ್ಪರ್ ನೀರಿನ ವಾಸನೆ ಒಳಗೆ ನುಗ್ಗಿತು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು ಗುಂಡಿಯಲ್ಲಿ ನಿಂತು ಹುಳಿ ಬರುತ್ತದಲ್ಲ, ಆ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಮೂವತ್ತೈದು ವರ್ಷ ಅದರ ಪಕ್ಕದಲ್ಲೇ ಉಂಡು ಮಲಗಿದ ನನಗೆ ಅದು ಅನ್ನದ ವಾಸನೆಯಾಗಿತ್ತು. ಅವತ್ತು ಮಾತ್ರ ನಾನೂ ಟವೆಲಿನಿಂದ ಮೂಗು ಮುಚ್ಚಿಕೊಂಡು ತಲೆ ಬಗ್ಗಿಸಿದೆ.

ಪಕ್ಕದಲ್ಲಿದ್ದ ಹೆಂಗಸು ನೋಡಿ, "ಯಾಕಜ್ಜ, ಬಸ್ಸು ಆಗಾಕಿಲ್ವಾ ನಿಮ್ಗೆ?" ಅಂದಳು.

"ಹೂಂ" ಅಂದೆ.

ಸುಳ್ಳು. ಬಸ್ಸು ನನಗೆ ಯಾವತ್ತೂ ತೊಂದರೆ ಮಾಡಿದ್ದಿಲ್ಲ. ಅವಳ ಪ್ರಶ್ನೆಯೊಳಗೇ ಉತ್ತರ ಇತ್ತು. ಅದನ್ನೇ ಎತ್ತಿ ಅವಳ ಕೈಗೆ ಕೊಟ್ಟೆ, ಅಷ್ಟೆ. ಎಷ್ಟು ಸುಲಭ ನೋಡಿ. ಇಂಥದೇ ಒಂದು ಹೂಂ ಹಿಡಿದುಕೊಂಡು ನಾನು ಒಬ್ಬನನ್ನು ಜೈಲಿಗೆ ಕಳಿಸಿದ್ದೇನೆ. ಆ ವರ್ಷದ ವಿಷಯ ಬರೆಯುತ್ತೇನೆ. ಓದುವವರಿಗೆ ನನ್ನ ಮೇಲೆ ಸಿಟ್ಟು ಬರಬೇಕು. ಬರದಿದ್ದರೆ ಇಲ್ಲೂ ನಾನು ಏನೋ ಮುಚ್ಚಿಟ್ಟಿದ್ದೇನೆ ಎಂದೇ ಅರ್ಥ.

ನಾನು ಪಾಳ್ಯದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಹೆತ್ತೂರು ಹೋಬಳಿಯ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದೆ. ಎಸ್ಟೇಟಿನಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಹಾಕುವವನು, ಹಣ್ಣು ತೂಗಿಸುವವನು, ಸಾವ್ಕಾರ್ರು ಸಕಲೇಶಪುರದ ಮನೆಯಲ್ಲಿದ್ದಾಗ ತೋಟದಲ್ಲಿ ಅವರ ನಾಲಿಗೆಯಾಗಿರುವವನು. ಆಳುಗಳು ಇರುವ ಸಾಲುಮನೆಗಳಿಗೆ ಲೈನ್ ಅನ್ನುತ್ತಾರೆ. ಲೈನಿನಲ್ಲಿ ರೈಟರ್ ಕೇಳಿದ ಯಾವ ಪ್ರಶ್ನೆಗೂ ಯಾರೂ ಇಲ್ಲ ಅನ್ನುವುದಿಲ್ಲ. "ನಾಳೆ ಮೇಲಿನ ಪಟ್ಟಿಗೆ ಕೊಯ್ಯಾಕೆ ಹೋಗ್ತೀಯಲ್ಲ?" ಅಂದರೆ ಅದು ಪ್ರಶ್ನೆಯಲ್ಲ, ಅಪ್ಪಣೆ. ನಾವು ಜಗಲಿ ಮೇಲೆ ನಿಂತು ಕೇಳುತ್ತಿದ್ದೆವು, ಅವರು ಅಂಗಳದಲ್ಲಿ ನಿಂತು ಹೂಂ ಅನ್ನುತ್ತಿದ್ದರು. ತೋಟ ನಡೆಯುತ್ತಿದ್ದದ್ದೇ ಹೀಗೆ.

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಲೋಕಿ. ಕಲಿಸಿದವನು ನಾನು.

ಲೋಕೇಶ ಅವನ ಹೆಸರು. ತಾಯಿ ತೀರಿಕೊಂಡ ಮೇಲೆ ಅಕ್ಕ ಜಯ ಅವನನ್ನು ಸಾಕಿದಳು. ಅವಳೂ ತೋಟದ ಆಳೇ. ಲೋಕಿಯ ಮೈ ಬೆಳೆಯಿತು, ಮೀಸೆ ಬಂತು, ಬುದ್ಧಿ ಮಾತ್ರ ಒಂದನೇ ಕ್ಲಾಸಿನ ಮಗುವಿನಷ್ಟಕ್ಕೇ ನಿಂತುಬಿಟ್ಟಿತು. ಹುಡುಗನಾಗಿದ್ದಾಗ ಒಂದು ದಿನ, "ಹಟ್ಟಿ ಗುಡಿಸಿದ್ಯೇನ್ಲಾ?" ಅಂತ ಕೇಳಿದೆ. "ಇಲ್ಲ" ಅಂದ. ಸತ್ಯವನ್ನೇ ಹೇಳಿದ್ದ. ಮುಖದಲ್ಲಿ ಒಂದಿಷ್ಟೂ ಭಯ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಕಪಾಳಕ್ಕೆ ಬಾರಿಸಿದೆ. "ರೈಟರ್ ಎದ್ರಿಗೆ ಇಲ್ಲ ಅಂತೀಯಾ?" ಅಂದೆ. ಅವನಿಗೆ ಬಿದ್ದ ಏಟು ಸಾಲದು ಅಂತ ಜಯಳ ಅರ್ಧ ದಿನದ ಹಾಜರಿಯನ್ನೂ ಹೊಡೆದುಹಾಕಿದೆ. ಆಮೇಲೆ ಅವನ ಬಾಯಲ್ಲಿ ಇಲ್ಲ ಅನ್ನುವ ಮಾತು ನಾನು ಕೇಳಲಿಲ್ಲ.

ಆ ಹೂಂ ನಮಗೆಲ್ಲ ಆಟವಾಯಿತು. ಕೊಯ್ಲಿನ ದಿನಗಳಲ್ಲಿ ಸಂಜೆ ಸ್ಟೋರ್ ಮುಂದೆ ಹಣ್ಣು ತೂಗುವಾಗ ಎಲ್ಲರ ಬೆನ್ನೂ ಬಿದ್ದುಹೋಗಿರುತ್ತಿತ್ತು. ಆಗ ನಾನೇ ಶುರು ಮಾಡುತ್ತಿದ್ದೆ.

"ಏನ್ ಲೋಕಿ, ನಾಳೆ ನಿಂಗೆ ಮದ್ವೆಯಂತೆ?"

"ಹೂಂ ಅಯ್ಯಾ."

"ಹೆಣ್ಣು ಆನೆಯಂತಲ್ಲೋ?"

"ಹೂಂ ಅಯ್ಯಾ."

"ಸೊಂಡ್ಲಿಗೆ ತಾಳಿ ಕಟ್ತೀಯಾ ಮಾರಾಯ?"

"ಹೂಂ ಅಯ್ಯಾ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಪಕ್ಕದ ಗದ್ದೆಯ ಶಿವಣ್ಣ, ಎರಡೆಕರೆ ಇಟ್ಟುಕೊಂಡಿದ್ದ ಸಣ್ಣ ರೈತ, ಹಾಲು ಹಾಕಲು ಬಂದವನು ಈ ಆಟಕ್ಕಾಗಿಯೇ ನಿಲ್ಲುತ್ತಿದ್ದ. "ನಮ್ಮನ್ನೂ ದಿಬ್ಬಣಕ್ಕೆ ಕರ್ಯೋ ಲೋಕಿ" ಅನ್ನುತ್ತಿದ್ದ. ಲೋಕಿಯೂ ನಗುತ್ತಿದ್ದ. ಜಯ ಮಾತ್ರ ತಲೆಯ ಮೇಲಿನ ಮೂಟೆ ಇಳಿಸಿ, ಯಾರ ಮುಖವನ್ನೂ ನೋಡದೆ ಅವನ ಕೈ ಹಿಡಿದುಕೊಂಡು ಹೋಗುತ್ತಿದ್ದಳು.

ಅವನಿಗೆ ಎರಡು ಗುಣ ಇದ್ದವು. ಕೊಯ್ಯುವಾಗ ಒಂದು ಹಸಿರು ಕಾಯಿಯನ್ನೂ ಕೀಳುತ್ತಿರಲಿಲ್ಲ, ಕೆಂಪು ಹಣ್ಣನ್ನಷ್ಟೇ ಕೀಳುತ್ತಿದ್ದ. ಮತ್ತೆ, ಸ್ವಿಚ್ ಮುಟ್ಟುತ್ತಿರಲಿಲ್ಲ. ಚಿಕ್ಕವನಿದ್ದಾಗ ಒದ್ದೆ ಕೈಯಲ್ಲಿ ಸ್ವಿಚ್ ಹಾಕಲು ಹೋಗಿ ಶಾಕ್ ಹೊಡೆದು ಬಿದ್ದಿದ್ದ. ಅವತ್ತಿನಿಂದ ಮನೆಯ ಲೈಟು ಹಾಕಬೇಕಾದರೂ ಜಯಳೇ ಬರಬೇಕು. "ನಮ್ಮನೆ ಸಾವ್ಕಾರ, ಲೈಟ್ ಹಾಕಾಕೂ ಆಳ್ ಬೇಕು" ಅಂತ ಅವಳು ಅನ್ನುತ್ತಿದ್ದಳು. ಇದು ಇಡೀ ಲೈನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ: ನನಗೂ ಗೊತ್ತಿತ್ತು.

ಆ ವರ್ಷ ಮಳೆ ದೀಪಾವಳಿ ದಾಟಿದರೂ ಬಿಡಲಿಲ್ಲ. ಹಣ್ಣು ಒಂದೇ ಸಲ ಆಗಿ ಉದುರತೊಡಗಿತು. ತೋಟದ ಕೆಳಗಿನ ಗದ್ದೆಯಲ್ಲಿ ಭತ್ತ ಬಲಿತಿತ್ತು, ಕೊಯ್ಯಲು ಆಳಿಲ್ಲ. ರಾತ್ರಿಯಾದರೆ ಕಾಡುಹಂದಿ. ಸಾವ್ಕಾರ್ರಿಗೆ ಫೋನ್ ಮಾಡಿ ಹೇಳಿದೆ.

"ಹಂದಿಗೆ ಬಡ್ಸೋಕೆ ಭತ್ತ ಬೆಳ್ದಿದ್ದೇನೋ ನಾವು?" ಅಂದರು. "ಪಂಪ್‌ಹೌಸಿಂದ ಒಂದ್ ತಂತಿ ಎಳ್ಸು. ಎಲ್ಲಾರೂ ಮಾಡಲ್ವಾ?"

"ಯಾರಾದ್ರೂ ಓಡಾಡೋ ಜಾಗ ಸಾವ್ಕಾರ್ರೇ..."

"ಕತ್ಲಾದ್ಮೇಲೆ ಹಾಕು, ಬೆಳಕಾಗೋಕ್ ಮುಂಚೆ ತೆಗಿ. ಅಷ್ಟೂ ಮಾಡಾಕಾಗಲ್ವಾ ನಿಂಗೆ?"

"ಹೂಂ ಸಾವ್ಕಾರ್ರೇ" ಅಂದೆ.

ಗದ್ದೆಯ ಬದುವಿನುದ್ದಕ್ಕೂ ಲೋಕಿ ಗೂಟ ಹೊಡೆದ, ತಂತಿ ಕಟ್ಟಿದ. ಕತ್ತಲಾದ ಮೇಲೆ ಪಂಪ್‌ಹೌಸಿಗೆ ಹೋದೆವು. ಸ್ವಿಚ್ ಹಾಕಿದ್ದು ನಾನು. ನನ್ನ ಬಲಗೈ. ಮಾರನೆಯ ದಿನ ಬೆಳಗಿನ ಜಾವ ನಾನೇ ಹೋಗಿ ಆರಿಸಬೇಕಿತ್ತು. ಎಚ್ಚರವಾಗಿತ್ತು, ಮಂಜು ದಟ್ಟವಾಗಿತ್ತು, ಚಳಿ. ಇನ್ನೂ ಸ್ವಲ್ಪ ಹೊತ್ತು ಅಂತ ಮಗ್ಗುಲು ಬದಲಿಸಿ ಕಂಬಳಿ ಎಳೆದುಕೊಂಡೆ.

ಬೆಳಕು ಹರಿಯುವಾಗ ಶಿವಣ್ಣ ತನ್ನ ಗದ್ದೆಗೆ ಹಂದಿ ನುಗ್ಗಿದೆಯೋ ಎಂದು ನೋಡಲು ನಮ್ಮ ಬದು ಹತ್ತಿದ್ದ.

ಜನರ ಕೂಗಾಟ ಕೇಳಿ ಓಡಿದೆ. ಮೊದಲು ಪಂಪ್‌ಹೌಸಿಗೆ ಹೋಗಿ ಸ್ವಿಚ್ ಆರಿಸಿದೆ, ಆಮೇಲೆ ಗದ್ದೆಗೆ ಇಳಿದೆ. ಶಿವಣ್ಣ ಬದುವಿನ ಕೆಳಗೆ ಮುಖ ಅಡಿಯಾಗಿ ಬಿದ್ದಿದ್ದ. ಪಂಪ್‌ಹೌಸಿನ ಗೋಡೆಗೆ ಒರಗಿ ಲೋಕಿ ಕೂತಿದ್ದ. ಎರಡೂ ಕೈ ಕಿವಿಯ ಮೇಲೆ. ಅಷ್ಟು ಹೊತ್ತಿಗೆ ಅವನು ಅಲ್ಲಿಗೆ ಯಾಕೆ ಬಂದಿದ್ದ ಎಂದು ನಾನು ಯೋಚಿಸಲಿಲ್ಲ. ಅವನು ಅಲ್ಲಿ ಕೂತಿದ್ದದ್ದು ನನಗೆ ಅನುಕೂಲವಾಯಿತು ಎನ್ನುವುದಷ್ಟೇ ಹೊಳೆಯಿತು.

ಸಾವ್ಕಾರ್ರು ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಪೊಲೀಸ್ರು ಬರೋದ್ರೊಳ್ಗೆ ತಂತಿ ಎಳ್ದೋನು ಯಾರು ಅಂತ ಇತ್ಯರ್ಥ ಆಗ್ಲಿ" ಅಂದು ಇಟ್ಟುಬಿಟ್ಟರು. ಆಳುಗಳೆಲ್ಲ ಸ್ಟೋರ್ ಮುಂದೆ ಸೇರಿದ್ದರು. ದಿನಾ ಸಂಜೆ ಆಟ ನಡೆಯುತ್ತಿದ್ದ ಅದೇ ಅಂಗಳ. ನಾನು ಜಗಲಿ ಹತ್ತಿದೆ. ಲೋಕಿಯನ್ನು ಎದುರಿಗೆ ನಿಲ್ಲಿಸಿದೆ.

"ಹಂದಿ ಹೊಡ್ಯಾಕೆ ತಂತಿ ಎಳ್ದೋನು ನೀನೇ ತಾನೆ?"

"ಹೂಂ ಅಯ್ಯಾ."

"ಯಾರ್ಗೂ ಹೇಳ್ದಂಗೆ ಸ್ವಿಚ್ ಹಾಕ್ದೋನೂ ನೀನೇ?"

"ಹೂಂ ಅಯ್ಯಾ."

ಅವತ್ತು ಯಾರೂ ನಗಲಿಲ್ಲ. ಅಲ್ಲಿದ್ದ ಒಬ್ಬೊಬ್ಬರಿಗೂ ಆ ಹೂಂಗೆ ಅರ್ಥವಿಲ್ಲ ಎಂದು ಗೊತ್ತಿತ್ತು. ತಲೆ ತಗ್ಗಿಸಿ ನಿಂತರು. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರಿಗೆ ಇಲ್ಲ ಅನ್ನದ ಹಾಗೆ ಕಲಿಸಿದ್ದೂ ನಾನೇ ಅಲ್ಲವೇ? ಜಯ ಒಬ್ಬಳೇ ಗುಂಪು ಸೀಳಿಕೊಂಡು ಬಂದಳು.

"ಅಯ್ಯಾ, ಅವ್ನು ಸ್ವಿಚ್ ಮುಟ್ಟಾಕಿಲ್ಲ ಅಂತ ನಿಮ್ಗ್ ಗೊತ್ತಿಲ್ವಾ? ನಿಮ್ ಎದೆ ಮುಟ್ಕಂಡ್ ಹೇಳಿ!"

"ಸುಮ್ನಿರಮ್ಮ. ಅವ್ನೇ ಒಪ್ಕಂಡವ್ನೆ" ಅಂದೆ.

ಪೊಲೀಸರು ಬಂದರು. ಅವರ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. "ನಮ್ಮೆದುರಿಗೆ ಒಪ್ಕೊಂಡ್ರೆ ಅದು ಕೋರ್ಟಲ್ಲಿ ನಿಲ್ಲಲ್ಲ ರೈಟ್ರೇ. ನಾವು ಬರೋಕ್ ಮುಂಚೆ ನಿಮ್ಮೆದುರಿಗೆ ಒಪ್ಕೊಂಡಿದಾನಲ್ಲ, ಅದು ನಿಲ್ಲುತ್ತೆ. ಕೇಸಿಗೆ ನೀವೇ ಆಧಾರ." ನನಗೆ ಬೆನ್ನು ತಟ್ಟಿದ ಹಾಗಾಯಿತು. ಜೀಪು ಹತ್ತುವಾಗ ಲೋಕಿ ನನ್ನ ಕಡೆ ತಿರುಗಿ, "ಅಯ್ಯಾ, ಹಣ್ಣು?" ಅಂದ. ಅವತ್ತು ಅವನ ಪಾಲಿನ ಸಾಲು ಕೊಯ್ಯುವುದು ಬಾಕಿ ಇತ್ತು.

ಅವನಿಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಹೂವಿನ ಮಳೆ ಬಂತು, ಕಾಫಿ ಗಿಡ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಯಿತು. ಅವನು ಒಳಗೇ ಇದ್ದ. ಜೂನ್ ಬಂತು. ಜಯ ವಾರಕ್ಕೊಂದು ದಿನ ರಜೆ ಹಾಕಿ ಬಸ್ಸು ಬದಲಿಸಿಕೊಂಡು ಕೋರ್ಟು ಕಚೇರಿ ಸುತ್ತುತ್ತಿದ್ದವಳು, ರಜೆ ಸಾಲದೆ ಕೆಲಸವನ್ನೇ ಬಿಟ್ಟಳು. ಬಡವರಿಗೆ ಉಚಿತವಾಗಿ ಕೊಡುವ ಒಬ್ಬ ಚಿಕ್ಕ ವಯಸ್ಸಿನ ವಕೀಲ ಸಿಕ್ಕಿದ. ಅವನು ಲೋಕಿಯ ಹತ್ತಿರ ಮಾತಾಡಿ, ಇವನು ಎಲ್ಲದಕ್ಕೂ ಹೂಂ ಅನ್ನುತ್ತಾನೆ, ಬುದ್ಧಿ ಪರೀಕ್ಷೆ ಆಗಬೇಕು ಎಂದು ಅರ್ಜಿ ಹಾಕಿದ. ಹಾಗೆ ಬಂದವರು ಡಾಕ್ಟ್ರಮ್ಮ.

ನಾವು ಹಾಗೆ ಕರೆದೆವು, ಅಷ್ಟೆ. "ನಾನು ಡಾಕ್ಟರ್ ಅಲ್ಲ, ಔಷಧಿ ಕೊಡಲ್ಲ. ಮನಶ್ಶಾಸ್ತ್ರಜ್ಞೆ" ಅಂದರು. ಅಂಥವರು ಕೋರ್ಟಿಗೆ ಸಾಕ್ಷಿ ಹೇಳುತ್ತಾರೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಲೋಕಿಯನ್ನು ನಾಲ್ಕು ಸಲ ನೋಡಿದ್ದರಂತೆ. ಅವನನ್ನು ಚಿಕ್ಕಂದಿನಿಂದ ಬಲ್ಲವರ ಹತ್ತಿರ ಕೇಳಬೇಕು ಎಂದು ಜಡಿಮಳೆಯಲ್ಲಿ ಬಸ್ಸಿಳಿದು, ಕೊಡೆ ಹಿಡಿದು ನಡೆದುಕೊಂಡು ನನ್ನ ಕ್ವಾರ್ಟರ್ಸಿಗೆ ಬಂದರು. ನಲವತ್ತರ ಆಚೀಚಿನ ಹೆಂಗಸು. ಸೀರೆಯ ಅಂಚು ಮೊಣಕಾಲವರೆಗೆ ಒದ್ದೆ. ಕಾಲಿನ ಬೆರಳ ಸಂದಿಯಲ್ಲಿ ಜಿಗಣೆ ಕಚ್ಚಿತ್ತು. ನಾನು ಉಪ್ಪು ತಂದುಕೊಟ್ಟೆ. ಕಿರುಚಲಿಲ್ಲ, ಉದುರಿಸಿ ಕೂತರು.

"ಲೋಕೇಶ ಹೇಗಿರ್ತಾನೆ, ಹೇಳಿ" ಅಂದರು.

ನಾನು ಕಾದೆ. ಮುಂದೆ ಏನಾದರೂ ಕೇಳುತ್ತಾರೆ, ಬುದ್ಧಿ ಇದೆಯಾ, ಕೆಲಸ ಬರುತ್ತದಾ ಎಂದು. ಅವರು ಕೇಳಲಿಲ್ಲ. ಹೆಂಚಿನ ಮೇಲೆ ಮಳೆ ಬೀಳುತ್ತಿತ್ತು. ಆಕೆ ನನ್ನ ಮುಖ ನೋಡುತ್ತಾ ಸುಮ್ಮನೆ ಕೂತಿದ್ದರು. ಅಂಥ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಕೇಳಿರಲಿಲ್ಲ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಉತ್ತರ ನನ್ನೊಳಗಿಂದಲೇ ಬರಬೇಕಿತ್ತು. ನನ್ನೊಳಗೆ ಇದ್ದದ್ದು ಒಂದೇ: ಇವರು ಗೆದ್ದರೆ ಅವನು ಹೊರಗೆ ಬರುತ್ತಾನೆ, ನಾನು ಒಳಗೆ ಹೋಗುತ್ತೇನೆ.

"ಚುರುಕು" ಅಂದೆ. "ಮಾತು ಕಮ್ಮಿ, ಕೆಲಸದಲ್ಲಿ ಗಟ್ಟಿಗ."

"ತನ್ನ ಕೆಲಸ ತಾನೇ ಏನೇನು ಮಾಡ್ಕೊಳ್ತಾನೆ?"

"ಎಲ್ಲಾ ಮಾಡ್ಕೊಳ್ತಾನೆ. ಸ್ನಾನ, ಬಟ್ಟೆ, ಅಂಗಡಿ ವ್ಯವಹಾರ." ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿದೆ. "ಮೋಟ್ರು ಹಾಕ್ತಾನೆ. ಆರಿಸ್ತಾನೆ."

ಆಕೆ ಬರೆದುಕೊಂಡರು. ತಲೆ ಎತ್ತದೆ ಕೇಳಿದರು. "ಶಿವಣ್ಣ ಅವರು ಸಾಯೋ ಹಿಂದಿನ ಸಂಜೆ ಏನೇನಾಯ್ತು, ಹೇಳಿ."

ಕೇಳಿ ಪೆನ್ನು ಮಡಿಲಲ್ಲಿಟ್ಟುಕೊಂಡರು. ಸೂರಿನ ನೀರು ಅಂಗಳದಲ್ಲಿ ಗುಂಡಿ ತೋಡುತ್ತಿತ್ತು. "ನಾನು ಹುಷಾರಿಲ್ದೆ ಬೇಗ ಮಲಗ್ಬಿಟ್ಟೆ" ಅಂದೆ.

ಹೊರಡುವಾಗ ಕೊಡೆ ಬಿಚ್ಚುತ್ತಾ ಅಂದರು. "ಲೋಕೇಶ ನಾನು ಕೇಳಿದ್ದಕ್ಕೆಲ್ಲ ಹೂಂ ಅಂತಾನೆ. ಕೇಳೋದು ನಿಲ್ಲಿಸಿ ಸುಮ್ನೆ ಕೂತ್ರೆ ಮಾತಾಡ್ತಾನೆ. ನಿಮ್ಮ ವಿಷಯಾನೂ ಹೇಳ್ದ."

"ಏನ್ ಹೇಳ್ದ?"

ಆಕೆ ಕೊಡೆ ಮೇಲೆತ್ತಿದರು. "ನಿಮಗೆ ಇನ್ನೇನಾದ್ರೂ ನೆನಪಾದ್ರೆ ಬನ್ನಿ" ಅಂದು ಮಳೆಗಿಳಿದು ಹೋದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಮನೆಗೆ ಬಂದು, ಜಿಗಣೆ ಕಚ್ಚಿಸಿಕೊಂಡು, ನನಗೊಂದು ಅವಕಾಶ ಕೊಟ್ಟು ಕೂತಿದ್ದರು. ನಾನು ಆ ಅವಕಾಶದ ಮುಖಕ್ಕೆ ಉಗಿದೆ.

ಕೋರ್ಟಿನಲ್ಲಿ ನನ್ನ ಸಾಕ್ಷಿ ಮೊದಲು ಆಯಿತು. ದೇವರ ಮೇಲೆ ಪ್ರಮಾಣ ಮಾಡಿ, ಅವನು ಯಾರ ಒತ್ತಾಯವೂ ಇಲ್ಲದೆ ನನ್ನೆದುರು ಒಪ್ಪಿಕೊಂಡ ಎಂದೆ. ಚುರುಕಾದ ಆಳು ಎಂದೆ. ವಕೀಲ ಹುಡುಗ ಎದ್ದು, "ಸ್ವಿಚ್ ಹಾಕಿದವರು ನೀವೇ. ಅದನ್ನು ಮುಚ್ಚಿಡಲು ಇವನ ಮೇಲೆ ಹಾಕುತ್ತಿದ್ದೀರಿ" ಅಂದ. "ಸುಳ್ಳು" ಅಂದೆ. ವಕೀಲರು ಹೀಗೆ ಏನೇನೋ ಹೇಳುತ್ತಲೇ ಇರುತ್ತಾರೆ ಎಂದು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಯ ಬಂದು ಸ್ವಿಚ್ಚಿನ ವಿಷಯ ಹೇಳಿದಳು. ತಮ್ಮನ ಪರ ಅಕ್ಕ ಹೇಳದೆ ಇನ್ಯಾರು ಹೇಳುತ್ತಾರೆ ಎಂದು ಸರ್ಕಾರಿ ವಕೀಲರು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಜಡ್ಜ್ ಸಾಹೇಬರು ಲೋಕಿಗೆ ಸಾಕ್ಷಿಗಳ ಮಾತನ್ನು ಓದಿ ಹೇಳಿ, ಇದಕ್ಕೇನು ಹೇಳುತ್ತೀ, ಇದು ನಿಜವಾ ಎಂದು ಒಂದೊಂದಾಗಿ ಕೇಳಿದರು. ಒಂದೊಂದಕ್ಕೂ ಹೂಂ ಅಯ್ಯಾ. ಅವರಿಗೇನೋ ಅನುಮಾನ ಬಂದಿರಬೇಕು. ಪೆನ್ನು ಕೆಳಗಿಟ್ಟು, "ಹೊರಗೆ ಮಳೆ ಬರ್ತಿದೆಯೇನಪ್ಪ?" ಅಂದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು.

"ಹೂಂ ಅಯ್ಯಾ."

"ನಾಟಕ ಸ್ವಾಮಿ" ಅಂದರು ಸರ್ಕಾರಿ ವಕೀಲರು. "ತೋಟದಲ್ಲಿ ಹೀಗಿರಲಿಲ್ಲ ಅಂತ ರೈಟರ್ ಹೇಳಿದ್ದಾರೆ."

ಆಮೇಲೆ ಡಾಕ್ಟ್ರಮ್ಮ ಕಟಕಟೆ ಹತ್ತಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಏನಾಯಿತು ಎಂದು ಬಂದು ಹೇಳು ಅಂತ ಸಾವ್ಕಾರ್ರ ಅಪ್ಪಣೆಯಾಗಿತ್ತು. ಆಕೆ ನಿಧಾನವಾಗಿ ಹೇಳಿದರು. ಇವನ ಬುದ್ಧಿ ಆರೇಳು ವರ್ಷದ ಮಗುವಿನದು. ದೊಡ್ಡವರು ಕೇಳಿದ್ದನ್ನು ಒಪ್ಪುತ್ತಾನೆ, ಅದನ್ನೇ ತಿರುಗಿಸಿ ಕೇಳಿದರೆ ಅದನ್ನೂ ಒಪ್ಪುತ್ತಾನೆ. ಆದ್ದರಿಂದ ಇವನು ಹೂಂ ಅಂದ ಎನ್ನುವುದರಿಂದ ಕೇಳಿದವರ ಮನಸ್ಸು ತಿಳಿಯುತ್ತದೆಯೇ ಹೊರತು ಇವನು ಮಾಡಿದ್ದೇನೆಂದು ತಿಳಿಯುವುದಿಲ್ಲ. ಕೊನೆಯ ಮಾತು ಹೇಳುವಾಗ ಆಕೆ ನನ್ನ ಬೆಂಚಿನ ಕಡೆ ನೋಡಿದರು.

ಸರ್ಕಾರಿ ವಕೀಲರು ಎದ್ದರು. "ಮೇಡಂ, ನೀವು ಎಂಬಿಬಿಎಸ್ ಓದಿದ್ದೀರಾ?"

"ಇಲ್ಲ. ನಾನು ಓದಿದ್ದು..."

"ಹೌದು ಇಲ್ಲ ಅಷ್ಟೇ ಹೇಳಿ. ನೀವು ಡಾಕ್ಟರಾ?"

"ವೈದ್ಯೆ ಅಲ್ಲ. ಆದರೆ..."

"ಹೌದಾ, ಇಲ್ವಾ?"

"ನೀವು ಈಗ ಕೇಳ್ತಿರೋ ರೀತಿಯಲ್ಲೇ ಅವನನ್ನೂ ಕೇಳಿದ್ದಾರೆ" ಅಂದರು ಆಕೆ. ಹಿಂದೆ ಯಾರೋ ನಕ್ಕರು. ವಕೀಲರ ಕಿವಿ ಕೆಂಪಾಯಿತು.

"ಕಾಫಿ ಹಣ್ಣು ಕೊಯ್ದು ಗೊತ್ತಾ ನಿಮಗೆ? ಇವನು ಕಾಯಿ ಬಿಟ್ಟು ಹಣ್ಣು ಮಾತ್ರ ಕೀಳ್ತಾನಂತೆ. ಹಣ್ಣು ಯಾವುದು, ಕಾಯಿ ಯಾವುದು ಗೊತ್ತಾಗೋನಿಗೆ ಸರಿ ಯಾವುದು, ತಪ್ಪು ಯಾವುದು ಗೊತ್ತಾಗಲ್ವಾ?"

"ಬಣ್ಣ ಗುರುತಿಸೋದು ಬೇರೆ, ಪರಿಣಾಮ ತಿಳಿಯೋದು ಬೇರೆ. ಇನ್ನೊಂದು ವಿಷಯ. ನನ್ನ ಕೋಣೆಯಲ್ಲಿ ಫ್ಯಾನ್ ಹಾಕು ಅಂದೆ. ಹೂಂ ಅಂದ. ಆದರೆ ಗೋಡೆಗೆ ಒತ್ತಿ ನಿಂತು ಕೈ ಹಿಂದೆ ಕಟ್ಟಿಕೊಂಡ. ಎಷ್ಟು ಸಲ ಹೇಳಿದರೂ ಅವನ ಕೈ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ."

ಮುಗಿಯಿತು, ಇನ್ನು ನನ್ನ ಸರದಿ ಅಂದುಕೊಂಡೆ. ಸರ್ಕಾರಿ ವಕೀಲರು ಮಾತ್ರ ನಕ್ಕರು.

"ಅಂದರೆ ಕರೆಂಟು ಮುಟ್ಟಿದರೆ ಸಾಯ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಥ್ಯಾಂಕ್ಸ್ ಮೇಡಂ, ನಮಗೆ ಬೇಕಾಗಿದ್ದೂ ಅದೇ."

ಆ ಮಾತನ್ನು ನಾನು ಇವತ್ತಿಗೂ ಮರೆಯಲಾರೆ. ಅವನು ಮಾಡಿಲ್ಲ ಎನ್ನಲು ಇದ್ದ ಒಂದೇ ಗುರುತನ್ನು ಹಗ್ಗ ಮಾಡಿ ಅವನ ಕುತ್ತಿಗೆಗೇ ಹಾಕಿದರು. ಓದಿದವರ ಜಾಣತನ ನೋಡಿ ಮೈ ಉರಿಯಿತು. ಆದರೆ ಆ ಜಾಣತನ ನಿಂತಿದ್ದದ್ದು ನನ್ನ ಸುಳ್ಳಿನ ಮೇಲೆ. "ಮೋಟ್ರು ಹಾಕ್ತಾನೆ, ಆರಿಸ್ತಾನೆ ಅಂತ ವರ್ಷಗಟ್ಟಲೆ ನೋಡಿದ ರೈಟರ್ ನಿಮ್ಮ ಹತ್ತಿರವೇ ಹೇಳಿದ್ದಾರೆ, ಬರೆದುಕೊಂಡಿದ್ದೀರಿ. ನಾಲ್ಕು ಸಲ ನೋಡಿ ಮಗು ಅಂತೀರಿ. ಯಾರನ್ನು ನಂಬೋಣ?" ಅಂದರು ವಕೀಲರು. ಆಗಲೂ ನಾನು ಎದ್ದು ನಿಲ್ಲಬಹುದಿತ್ತು. ಕಾಲು ಸರಿಯಾಗಿಯೇ ಇತ್ತು. ಎದ್ದದ್ದು ಕೋರ್ಟು ಮುಗಿದ ಮೇಲೆ, ಎದುರಿನ ಹೋಟೆಲಿಗೆ ಹೋಗಿ ಎರಡು ಇಡ್ಲಿ ತಿನ್ನಲು.

ಮತ್ತೆ ಕೊಯ್ಲು ಬಂತು. ಮೊದಲ ಹಣ್ಣು ಪಲ್ಪರಿಗೆ ಬಿದ್ದ ವಾರ ತೀರ್ಪಾಯಿತು. ತಜ್ಞರದು ಅಭಿಪ್ರಾಯ ಮಾತ್ರ, ದಿನನಿತ್ಯ ನೋಡಿದವರ ಸಾಕ್ಷಿಯನ್ನು ತಳ್ಳಿಹಾಕಲು ಅದು ಸಾಲದು ಎಂದು ಬರೆದಿದ್ದರಂತೆ. ಏಳು ವರ್ಷ. ಕೋರ್ಟಿನ ಮೆಟ್ಟಿಲ ಮೇಲೆ ಜಯ ನನ್ನನ್ನು ಅಡ್ಡಗಟ್ಟಿದಳು. ಅಳಲಿಲ್ಲ.

"ಅಯ್ಯಾ, ನಿಮ್ ನಾಲ್ಗೆ ಕೊಳ್ತು ಬೀಳ್ಲಿ ಅನ್ನಾಕಿಲ್ಲ ನಾನು. ಅದು ಇರ್ಬೇಕು. ಒಂದಿನ ಅದ್ರಲ್ಲೇ ನಿಜ ಹೇಳುಸ್ತೀನಿ" ಅಂದಳು.

ಅಲ್ಲಿಗೆ ಆ ವರ್ಷ ಮುಗಿಯಿತು. ಸಾವ್ಕಾರ್ರು ತೋಟ ಮಾರಿ ಹೋದರು. ನಾನು ಆಲೂರಿಗೆ ಬಂದು ತಂಗಿಯ ಮಗನ ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಕಳೆದೆ. ಯಾರಾದರೂ ಹೂಂ ಅಂದರೆ ಬೆಚ್ಚುತ್ತಿದ್ದೆ. ಮೊನ್ನೆ ಸಂತೆಯಲ್ಲಿ ಹಳೆಯ ಆಳೊಬ್ಬಳು ಸಿಕ್ಕಿ, ಡಾಕ್ಟ್ರಮ್ಮನೂ ಆ ವಕೀಲನೂ ಓಡಾಡಿ ಹೈಕೋರ್ಟಿನಿಂದ ಲೋಕಿಗೆ ಜಾಮೀನು ಕೊಡಿಸಿದ್ದಾರೆಂದೂ, ಅಪೀಲು ಇನ್ನೂ ವಿಚಾರಣೆಗೆ ಬರಬೇಕೆಂದೂ, ಸೋತರೆ ಅವನು ಮತ್ತೆ ಒಳಗೆ ಹೋಗಬೇಕೆಂದೂ ಹೇಳಿದಳು. ಅವನ ಕಾಲು ಹಿಡಿದು ಕ್ಷಮೆ ಕೇಳಿಬಿಡೋಣ ಎಂದು ಬಸ್ಸು ಹತ್ತಿದೆ. ಸಾಯುವ ಮುಂಚೆ ಹಗುರಾಗುವ ಆಸೆ. ಅದರಲ್ಲೂ ನನ್ನದೇ ಲೆಕ್ಕಾಚಾರ.

ಜಯ ಈಗ ಹೆತ್ತೂರಿನ ಹತ್ತಿರ ಬೇರೆ ತೋಟದ ಲೈನಿನಲ್ಲಿದ್ದಾಳೆ. ಬಾಗಿಲಲ್ಲಿ ನನ್ನನ್ನು ನೋಡಿ ಸರಿಯಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ಲೋಕಿ ಅಂಗಳದಲ್ಲಿ ಕೂತು ಸೌದೆ ಒಟ್ಟುತ್ತಿದ್ದ. ಕೂದಲು ನೆರೆತಿತ್ತು. ನನ್ನನ್ನು ಕಂಡು ಎದ್ದು ನಿಂತ. ಅವನ ಮುಂದೆ ನೆಲದ ಮೇಲೆ ಕೂತೆ.

"ಲೋಕಿ, ನನ್ನ ಕ್ಷಮಿಸಿದ್ಯೇನಪ್ಪ?"

"ಹೂಂ ಅಯ್ಯಾ."

ಕಣ್ಣು ಒರೆಸಿಕೊಂಡೆ. ಹಿಂದಿನಿಂದ ಜಯಳ ದನಿ ಬಂತು. "ಇನ್ನೊಂದ್ಸಲ ಕೇಳ್ರಿ. ಕ್ಷಮ್ಸಿಲ್ಲ ತಾನೆ ಅನ್ನಿ."

ನಾನು ನೆಲಕ್ಕೆ ಕೈಯೂರಿ ಏಳಲು ಹೋದೆ.

"ಕೇಳ್ರೀ! ಕೇಳೋದು ನಿಮ್ಗ್ ಹೊಸ್ದಾ?"

"ಲೋಕಿ... ನನ್ನ ಕ್ಷಮಿಸಿಲ್ಲ ತಾನೆ?"

"ಹೂಂ ಅಯ್ಯಾ."

"ಮುಗೀತಾ ನಿಮ್ ಕ್ಷಮೆ?" ಅಂದಳು ಜಯ. "ಈಗ ಡಾಕ್ಟ್ರಮ್ಮ ಕೇಳ್ದಂಗೆ ಕೇಳ್ರಿ. ಕೇಳ್ಬುಟ್ಟು ಬಾಯ್ ಮುಚ್ಕಂಡ್ ಕೂತ್ಕಳ್ರಿ."

ಮತ್ತೆ ಲೋಕಿಯ ಕಡೆ ತಿರುಗಿದೆ. "ಶಿವಣ್ಣ ಬಿದ್ದ ದಿನ ಏನಾಯ್ತು, ಹೇಳು ಲೋಕಿ."

ಅವನು ಸೌದೆಯ ಸಿಬಿರನ್ನು ಒಂದೊಂದಾಗಿ ಕಿತ್ತು ಹಾಕಿದ. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆಮೇಲೆ ಅವನು ನೆಲ ನೋಡಿಕೊಂಡು ಹೇಳತೊಡಗಿದ.

"ಅಯ್ಯ ಟಾರ್ಚ್ ಹಿಡ್ಕೋ ಅಂದ್ರು. ಅಯ್ಯ ಸ್ವಿಚ್ ಹಾಕುದ್ರು. ನಾನ್ ಕಿವಿ ಮುಚ್ಕಂಡೆ, ಟಾರ್ಚ್ ಬಿದ್ಬುಡ್ತು. ಅಯ್ಯ ಬೈದ್ರು. ಬೆಳಿಗ್ಗೆ ಬಂದ್ ಆರುಸ್ತೀನಿ ಅಂದ್ರು. ನಾನ್ ಬೆಳಿಗ್ಗೆ ಹೋದೆ. ಕಾಯ್ದೆ. ಅಯ್ಯ ಬರ್ನಿಲ್ಲ. ನಂಗೆ ಸ್ವಿಚ್ ಭಯ. ಶಿವಣ್ಣ ಬಂದ್ರು. ಬರ್ಬ್ಯಾಡಿ, ಕರೆಂಟ್ ಐತೆ ಅಂದೆ. ನಕ್ರು. ಏನ್ ಲೋಕಿ, ನಾಳೆ ಮದ್ವೆಯಂತೆ ಅಂದ್ರು."

"ನೀನೇನಂದೆ?"

"ಹೂಂ ಅಂದೆ."

ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. ಅಷ್ಟು ವರ್ಷ ನಾನು ಅಂದುಕೊಂಡಿದ್ದೆ, ಶಿವಣ್ಣನನ್ನು ಕೊಂದದ್ದು ನನ್ನ ಒಂದು ಬೆಳಗಿನ ಸೋಮಾರಿತನ ಎಂದು. ಅದಷ್ಟೇ ಅಲ್ಲ. ಅವನನ್ನು ಉಳಿಸಲು ಒಬ್ಬ ಚಳಿಯಲ್ಲಿ ಕಾದು ಕೂತಿದ್ದ, ಕೂಗಿ ಹೇಳಿದ್ದ. ಅವನ ಮಾತನ್ನು ಯಾರೂ ಮಾತೆಂದು ಎಣಿಸದ ಹಾಗೆ ಮಾಡಿಟ್ಟವನು ನಾನು.

"ಇದ್ನೆಲ್ಲಾ ಡಾಕ್ಟ್ರಮ್ಮಂಗೂ ಹೇಳವ್ನೆ" ಅಂದಳು ಜಯ. "ವಕೀಲ್ರಿಗೂ ಗೊತ್ತು. ಹೂಂ ಅಂದಿದ್ನ ನಂಬಬ್ಯಾಡಿ ಅಂದೋರು ಇದ್ನ ಮಾತ್ರ ನಂಬಿ ಅಂದ್ರೆ ಕೋರ್ಟು ನಗುತ್ತೆ ಅಂದ್ರಂತೆ. ಅವನ್ ಮಾತ್ಗೆ ನಿಮ್ ಮಾತೂ ಸೇರ್ಬೇಕು. ನಾಳೆ ಹಾಸನಕ್ಕೆ ವಕೀಲ್ರತ್ರ ಹೋಗಾನ. ಬತ್ತೀರಾ?"

"ಹೂಂ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ ಹೂಂ ಕಟ್ಕಂಡ್ ನಾನೇನ್ ಮಾಡ್ಲಿ? ಬಸ್ ಹತ್ತಿ ತೋರ್ಸಿ."

ಆ ರಾತ್ರಿ ಅವರ ಜಗಲಿಯಲ್ಲೇ ಮಲಗಿದೆ. ಬೆಳಿಗ್ಗೆ ಮಂಜಿನಲ್ಲಿ ಬಸ್ಸು ಬಂತು. ಮೂವರು ಕೂರುವ ಸೀಟು. ಜಯ ನನ್ನನ್ನು ಕಿಟಕಿಯ ಕಡೆಗೆ ಒಳಗೆ ಕೂರಿಸಿದಳು, ನನ್ನ ಪಕ್ಕಕ್ಕೆ ಲೋಕಿಯನ್ನು. ತಾನು ದಾರಿಯ ಕಡೆ ಕೂತು, ನಡುವೆ ಎಲ್ಲೂ ನಾನು ಇಳಿದುಹೋಗದ ಹಾಗೆ, ಎದುರಿನ ಕಂಬಿಗೆ ಕಾಲು ಅಡ್ಡ ಕೊಟ್ಟಳು.